ಕಪ್ಪು ಎರಡು, ಬಿಳಿ ನಾಲ್ಕು

ಎರಡು ಸಾವಿರದ ನಾಲ್ಕನೆಯ ಇಸವಿಯ ಯುಗಾದಿಗೆ ಫಕ್ಕೀರೇಶ ಬ್ಯಾಡಗಿಯ ಮಾವನ ಮನೆಗೆ ಹೋಗಿ, ಹೋಳಿಗೆ ಉಂಡು, ಸುಮ್ಮನೆ ತಿರುಗಿ ಬಂದಿದ್ದರೆ ರಾಣೇಬೆನ್ನೂರಿನ ಪೊಲೀಸರಿಗೆ ಒಂದು ಭಾನುವಾರದ ಕೆಲಸ ತಪ್ಪುತ್ತಿತ್ತು. ಹೋಳಿಗೆ ಮುಗಿಯುವವರೆಗೆ ಎಲ್ಲವೂ ಸರಿಯಾಗಿಯೇ ಇತ್ತು.

ಮಾವ ಕರಬಸಪ್ಪನವರು ಮೆಣಸಿನಕಾಯಿ ದಲಾಲರು. ಓಣಿಯ ಭಜನಾ ಮಂಡಳಿಗೆ ಅಧ್ಯಕ್ಷರೂ ಅವರೇ, ಪೇಟಿ ಬಾರಿಸುವವರೂ ಅವರೇ. ಆ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತಾರೆ. ಅದರ ಮೇಲೆ ಬೆರಳಿನಿಂದ ಒತ್ತುವ ಪಟ್ಟಿಗಳಿಗೆ ಮನೆ ಎನ್ನುತ್ತಾರೆ. ಊಟವಾದ ಮೇಲೆ ಕರಬಸಪ್ಪನವರು ಪೇಟಿಯನ್ನು ಪಡಸಾಲೆಗೆ ತಂದು ಗಾಳಿ ಹಾಕಿದರು. ಅರ್ಧ ಮನೆಗಳು ಉಸಿರೇ ಎತ್ತಲಿಲ್ಲ. ಎತ್ತಿದವು ನೆಗಡಿಯಾದವರ ಹಾಗೆ ಮಾತಾಡಿದವು. ವರ್ಷವಿಡೀ ಅದು ಮೆಣಸಿನಕಾಯಿ ಚೀಲಗಳ ಮೇಲೆಯೇ ಮಲಗಿತ್ತು. ಬಸವ ಜಯಂತಿಯ ಮೆರವಣಿಗೆಗೆ ಒಂದೇ ತಿಂಗಳು ಉಳಿದಿದೆ, ಹುಬ್ಬಳ್ಳಿಗೆ ಕಳಿಸಿದರೆ ಅವರು ಯಾವಾಗ ಕೊಡುತ್ತಾರೋ ಏನೋ ಎಂದು ಅವರು ಚಿಂತೆ ಮಾಡಿದರು.

ಅಳಿಯ ತುಪ್ಪದ ಕೈ ಒರೆಸಿಕೊಳ್ಳುತ್ತ ಹೇಳಿದ: "ಹುಬ್ಬಳ್ಳಿಗೆ ಯಾಕ್ರಿ ಮಾವಾರ. ನನ್ನ ಕಡೆ ಕೊಡ್ರಿ. ಈ ಕೆಲಸ ನನಗ ಗೊತ್ತೈತಿ."

ಯಾಕೆ ಹಾಗೆ ಹೇಳಿದ ಎಂಬುದು ಅವನಿಗೂ ತಿಳಿಯಲಿಲ್ಲ. ಫಕ್ಕೀರೇಶ ರಾಣೇಬೆನ್ನೂರಿನ ಬೀಜದ ಅಂಗಡಿಯೊಂದರಲ್ಲಿ ಗುಮಾಸ್ತ. ಸಂಗೀತದೊಡನೆ ಅವನ ಸಂಬಂಧವೆಂದರೆ ರಾಷ್ಟ್ರಗೀತೆಗೆ ಎದ್ದು ನಿಲ್ಲುವುದು, ಅದೂ ಉಳಿದವರು ಎದ್ದ ಮೇಲೆ. ಆದರೆ ಮಾವ ಅವನನ್ನು ಮೊದಲ ಸಲ ಮೇಲಿನಿಂದ ಕೆಳಗಿನವರೆಗೆ ನೋಡಿದರು. ಹೆಂಡತಿ ಪುಷ್ಪಾವತಿಯೂ ನೋಡಿದಳು. ಅವಳು ಆ ಪೇಟಿಯ ಪಕ್ಕದಲ್ಲಿ ಕೂತು ತಾಳ ಹಾಕುತ್ತಲೇ ದೊಡ್ಡವಳಾದವಳು. ಇಷ್ಟು ವರ್ಷ ಸಂಸಾರ ಮಾಡಿದರೂ ಗಂಡನಿಗೆ ಇಂಥದೊಂದು ವಿದ್ಯೆ ಇರುವುದು ಅವಳಿಗೆ ಗೊತ್ತಿರಲಿಲ್ಲ. ತಿರುಗಿ ಬರುವ ಬಸ್ಸಿನಲ್ಲಿ ಅವಳು, ಇದನ್ನು ಯಾವಾಗ ಕಲಿತಿರಿ ಎಂದು ಕೇಳಿದಳು. ಸಣ್ಣವನಿದ್ದಾಗ ಎಂದು ಫಕ್ಕೀರೇಶ ಕಿಟಕಿಯ ಆಚೆ ನೋಡುತ್ತ ಉತ್ತರಿಸಿದ. ತೊಡೆಯ ಮೇಲಿದ್ದ ಪೇಟಿ ಬಸ್ಸು ಕುಣಿದಾಗಲೆಲ್ಲ ಸಣ್ಣಗೆ ನರಳುತ್ತಿತ್ತು.

ಮರುದಿನ ಬೆಳಿಗ್ಗೆ ಅವನು ಪೇಟಿಯನ್ನು ಕಟ್ಟೆಯ ಮೇಲಿಟ್ಟು, ಸ್ಕ್ರೂ ಬಿಚ್ಚಿ, ಮುಚ್ಚಳ ತೆಗೆದು, ಒಳಗೆ ಏನಾಗಿದೆ ನೋಡೋಣವೆಂದು ಮುಖ ಇಟ್ಟು ಜೋರಾಗಿ ಗಾಳಿ ಹಾಕಿದ. ವರ್ಷದ ಮೆಣಸಿನಕಾಯಿ ಧೂಳು ಒಮ್ಮೆಲೇ ಹೊರಬಂತು. ಅವನು ಸೀನಿದ, ಪುಷ್ಪಾವತಿ ಸೀನಿದಳು, ಎದುರು ಮನೆಯ ಡಾಕಪ್ಪ ಸೀನಿದ, ಡಾಕಪ್ಪನ ಎಮ್ಮೆ ಹಗ್ಗ ಜಗ್ಗಿತು. ಓಣಿಯ ಕಿರಾಣಿ ಅಂಗಡಿಯ ಪ್ರೇಮವ್ವ ಯಾರ ಮನೆಯಲ್ಲಿ ಒಗ್ಗರಣೆ ಹೊತ್ತಿದೆ ಎಂದು ಕೂಗಿ ಕೇಳಿದಳು. ಧೂಳು ಹೋದ ಮೇಲೆ ಒಳಗೆ ಕಂಡದ್ದು ಸಾಲುಸಾಲಾಗಿ ಮಲಗಿದ್ದ ಹಿತ್ತಾಳೆಯ ತಗಡುಗಳು. ಅವುಗಳಲ್ಲಿ ಯಾವುದು ಏನು ಮಾಡುತ್ತದೆ ಎಂಬ ವಿಷಯದಲ್ಲಿ ಫಕ್ಕೀರೇಶನಿಗೂ ಡಾಕಪ್ಪನ ಎಮ್ಮೆಗೂ ಸಮಾನ ತಿಳಿವಳಿಕೆ ಇತ್ತು. ಅವನು ಮುಚ್ಚಳ ಮುಚ್ಚಿ, ಇದಕ್ಕೆ ಸ್ವಲ್ಪ ವೇಳೆ ಹಿಡಿಯುತ್ತದೆ ಎಂದು ಹೆಂಡತಿಗೆ ಗಂಭೀರವಾಗಿ ತಿಳಿಸಿದ.

ಭಾನುವಾರ ಬೀಜದ ಕೆಲಸವಿದೆ ಎಂದು ಹೇಳಿ ಹಾವೇರಿಗೆ ಹೋದ. ಅಲ್ಲಿ ಬುಡನಸಾಬ ಎಂಬ ಪೇಟಿ ರಿಪೇರಿಯವರು ಇರುವುದನ್ನು ವಿಚಾರಿಸಿ ಇಟ್ಟುಕೊಂಡಿದ್ದ. ಬುಡನಸಾಬರದು ಒಂದು ಬಾಗಿಲಿನ ಅಂಗಡಿ. ಬಂದವನು ಪೇಟಿ ತಂದಿಲ್ಲ, ಕಲಿಯಲು ಬಂದಿದ್ದಾನೆ, ಅದೂ ಒಂದೇ ತಿಂಗಳಲ್ಲಿ ಕಲಿಯಬೇಕೆಂದಿದ್ದಾನೆ ಎಂದು ತಿಳಿದು ಅವರು ಬಹಳ ಹೊತ್ತು ನಕ್ಕರು. ಆಮೇಲೆ, ನಗಿಸಿದ ಋಣಕ್ಕೆ ಎಂಬಂತೆ, ತೆರೆದಿಟ್ಟಿದ್ದ ಒಂದು ಪೇಟಿಯಿಂದ ಒಂದು ತಗಡು ಎತ್ತಿ ಅವನ ಅಂಗೈ ಮೇಲೆ ಇಟ್ಟರು. ಅದರ ನಡುವೆ ಸಣ್ಣದೊಂದು ನಾಲಿಗೆ ಇತ್ತು. ಬುಡನಸಾಬರು ಅದನ್ನು ಉಗುರಿನಿಂದ ಮೀಟಿದರು. ಫಕ್ಕೀರೇಶನ ಅಂಗೈಯಲ್ಲಿ ಸ್ವರ ಗುಂಯ್‌ಗುಟ್ಟಿತು.

ಅಲ್ಲಿಗೆ ಫಕ್ಕೀರೇಶ ಮಾವನನ್ನೂ ಮೆರವಣಿಗೆಯನ್ನೂ ಮರೆತ. ಇಷ್ಟು ಸಣ್ಣ ತಗಡಿನೊಳಗೆ ಸ್ವರ ಎಲ್ಲಿ ಕೂತಿರುತ್ತದೆ, ಗಿಡ್ಡ ನಾಲಿಗೆ ಯಾಕೆ ಕೀರಲು ಕೂಗುತ್ತದೆ, ಉದ್ದದ್ದು ಯಾಕೆ ಗೊಗ್ಗರು, ಹಿತ್ತಾಳೆಯೇ ಯಾಕೆ, ತಾಮ್ರ ಯಾಕಲ್ಲ ಎಂದು ಕೇಳುತ್ತಲೇ ಹೋದ. ಬುಡನಸಾಬರು ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ, ಇಡೀ ವಿದ್ಯೆ ಇಷ್ಟೇ ಎಂದರು. ಇಷ್ಟೇ ಆದರೆ ಎಲ್ಲರೂ ಯಾಕೆ ಮಾಡುವುದಿಲ್ಲ ಎಂದು ಅವನು ಕೇಳಿದ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕೆರೆಯುವ ಕೈ ಹೇಳುವುದಿಲ್ಲ, ಕಿವಿ ಹೇಳಬೇಕು ಎಂದರು. ಬಸ್ಸು ಹೋಯಿತು. ಮುಂದಿನ ಬಸ್ಸೂ ಹೋಯಿತು. ಕೊನೆಗೆ ಬುಡನಸಾಬರು ತಗಡು ಕೆರೆಯುವ ಒಂದು ಸಣ್ಣ ಅರವನ್ನು ಅವನ ಕಿಸೆಗೆ ಹಾಕಿ, ಉಳಿದ ಪ್ರಶ್ನೆಗಳನ್ನು ಅಂಗಡಿಯ ಫೋನಿಗೆ ಕೇಳು, ದಿನಕ್ಕೊಂದೇ ಕೇಳು, ಮನೆಗಳನ್ನು ಎಣಿಸಿ ಕಪ್ಪು ಇಷ್ಟನೆಯದು, ಬಿಳಿ ಇಷ್ಟನೆಯದು ಎಂದು ಸರಿಯಾಗಿ ಹೇಳು, ಏಳು ಬಿಳಿ ಮುಗಿದರೆ ಮತ್ತೆ ಒಂದರಿಂದ ಎಣಿಸು ಎಂದು ಕಳಿಸಿಕೊಟ್ಟರು.

ಫೋನು ಇದ್ದದ್ದು ಪ್ರೇಮವ್ವನ ಅಂಗಡಿಯ ಕಂಬಕ್ಕೆ. ಒಂದು ರೂಪಾಯಿ ಹಾಕಿ ಮಾತಾಡುವ ಹಳದಿ ಡಬ್ಬಿ. ಅಲ್ಲಿ ಮೆಲ್ಲಗೆ ಮಾತಾಡಿದರೆ ಹಾವೇರಿಗೆ ಕೇಳಿಸುವುದಿಲ್ಲ. ಜೋರಾಗಿ ಮಾತಾಡಿದರೆ ಪುಷ್ಪಾವತಿಗೆ ತಲುಪಲು ಪ್ರೇಮವ್ವ ಒಬ್ಬಳೇ ಸಾಕು. ಗಂಡ ಯಾರನ್ನೋ ಕೇಳಿ ಕೇಳಿ ರಿಪೇರಿ ಮಾಡುತ್ತಿದ್ದಾನೆಂದು ತಿಳಿದರೆ ಬ್ಯಾಡಗಿಯವರೆಗೆ ಮರ್ಯಾದೆ ಹೋಗುತ್ತದೆ. ಆದ್ದರಿಂದ ಫಕ್ಕೀರೇಶ ಜೋರಾಗಿಯೇ ಮಾತಾಡುತ್ತ, ಪೇಟಿ ಎಂಬ ಶಬ್ದವನ್ನು ಮಾತ್ರ ಬಿಟ್ಟುಬಿಟ್ಟ.

"ಹಲೋ, ಹಾವೇರಿ ಏನ್ರಿ? ಸಾಹೇಬ್ರ, ನಾ ರಾಣೇಬೆನ್ನೂರಿನಿಂದ. ಕಪ್ಪು ಎರಡು ಸತ್ತಂಗ ಇತ್ತು, ಇವತ್ತು ಬಾಯಿ ಬಿಟ್ಟೈತಿ. ನಾಳೆ ಖರೇ ಬರತೈತಿ."

ಎಲೆ ಅಡಿಕೆ ಕೊಳ್ಳಲು ನಿಂತಿದ್ದ ಡಾಕಪ್ಪನ ಕೈಯಲ್ಲಿ ಸುಣ್ಣ ಹಾಗೆಯೇ ಒಣಗಿತು.

ಡಾಕಪ್ಪ ಎಪಿಎಂಸಿಯಲ್ಲಿ ತೂಕ ಮಾಡಿ ನಿವೃತ್ತನಾದವನು. ಆಮೇಲಿನ ಆಯುಷ್ಯವನ್ನು ಮಟಕಾಕ್ಕೆ ಕೊಟ್ಟಿದ್ದ. ಎಲ್ಲಿಯೋ ಮುಂಬೈಯಲ್ಲಿ ಯಾರೋ ದಿನಕ್ಕೆ ಎರಡು ಸಲ ಒಂದೊಂದು ಅಂಕಿ ತೆಗೆಯುತ್ತಾರೆ. ಮೊದಲಿನದಕ್ಕೆ ಓಪನ್, ಆಮೇಲಿನದಕ್ಕೆ ಕ್ಲೋಸ್. ಆ ಅಂಕಿಯನ್ನು ಮುಂಚಿತವಾಗಿ ಊಹಿಸುವುದೇ ಆಟ. ಕನಸು, ಲಾರಿಯ ನಂಬರು, ಹಲ್ಲಿಯ ಬಾಲ ಎಲ್ಲವನ್ನೂ ಡಾಕಪ್ಪ ಪರೀಕ್ಷಿಸಿ ನೋಡಿದ್ದ. ಇಷ್ಟು ನೇರವಾಗಿ, ಫೋನಿನಲ್ಲಿ, ಬರುತ್ತದೆ ಎಂದು ಹೇಳುವವನನ್ನು ಮಾತ್ರ ಕಂಡಿರಲಿಲ್ಲ. ಎರಡಕ್ಕೆ ದುಡ್ಡು ಹಚ್ಚಿದ. ಕ್ಲೋಸಿಗೆ ಎರಡೇ ಬಂತು.

ಅವನು ಯಾರಿಗೂ ಹೇಳಲಿಲ್ಲ. ಅಂದರೆ, ಹೇಳಿದವರಿಗೆಲ್ಲ ಬೇರೆ ಯಾರಿಗೂ ಹೇಳಬೇಡಿ ಎಂದ. ಮರುದಿನ ಫಕ್ಕೀರೇಶ ಫೋನಿಗೆ ಬಂದಾಗ ಪ್ರೇಮವ್ವನ ಅಂಗಡಿಯಲ್ಲಿ ಎಂದೂ ಇಲ್ಲದ ವ್ಯಾಪಾರವಿತ್ತು. ಒಬ್ಬನು ಉಪ್ಪಿನ ಪೊಟ್ಟಣವನ್ನು ಬಹಳ ಹೊತ್ತು ಓದುತ್ತ ನಿಂತಿದ್ದ. ಬಿಳಿ ನಾಲ್ಕು ಮೇಲೆ ಏರಿ ಕೂತಿದೆ, ಏನು ಮಾಡಿದರೂ ಇಳಿಯುವುದಿಲ್ಲ ಎಂದು ಫಕ್ಕೀರೇಶ ದೂರಿದ. ಅಂದು ಓಪನ್ನಿಗೆ ನಾಲ್ಕು ಬಂತು. ಆಗ ಡಾಕಪ್ಪ ಶಾಸ್ತ್ರವನ್ನೇ ಬಿಡಿಸಿಟ್ಟ: ಬಿಳಿ ಎಂದರೆ ಓಪನ್, ಕಪ್ಪು ಎಂದರೆ ಕ್ಲೋಸ್, ಹಾವೇರಿಯ ಸಾಹೇಬರು ಎಂದರೆ ಮುಂಬೈಯ ಮನುಷ್ಯ. ಆಮೇಲೆ ಎಷ್ಟೋ ಅಂಕಿಗಳು ತಪ್ಪಿದವು. ಅದಕ್ಕೆ ಫಕ್ಕೀರೇಶನ ತಪ್ಪಿಲ್ಲ, ಕೇಳಿಸಿಕೊಂಡವರಿಗೆ ಅರ್ಥ ಮಾಡಲು ಬರಲಿಲ್ಲ ಎಂದು ಓಣಿ ತೀರ್ಮಾನಿಸಿತು. ಎಂಟು, ಒಂಬತ್ತು, ಸೊನ್ನೆಯನ್ನು ಇವನು ಯಾಕೆ ಎಂದೂ ಹೇಳುವುದಿಲ್ಲ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಅವು ದೊಡ್ಡವರಿಗೆ ಮೀಸಲು ಇರಬೇಕು ಎಂದು ಪ್ರೇಮವ್ವ ಹೇಳಿದಳು.

ಈಗ ಫಕ್ಕೀರೇಶ ಓಣಿಯಲ್ಲಿ ನಡೆದರೆ ಜನ ಕಟ್ಟೆಯಿಂದ ಎದ್ದು ನಿಲ್ಲುತ್ತಿದ್ದರು. ಕುಪ್ಪೇಲೂರಿನ ಬಸ್ಸಿನಿಂದ ಇಳಿದವರು ನೇರವಾಗಿ ಬೀಜದ ಅಂಗಡಿಗೆ ಬಂದು, ಗೋವಿನಜೋಳದ ಚೀಲದ ಹಿಂದೆ ಅವನನ್ನು ಕರೆದು, ಇವತ್ತು ಯಾವುದು ಏಳುತ್ತದೆ ಎಂದು ಪಿಸುಗುಟ್ಟುತ್ತಿದ್ದರು. ಬೀಜದ ತಳಿಗಳಿಗೂ ನಂಬರು ಇರುತ್ತವೆ. ಏಳನೆಯ ನಂಬರು ಚೆನ್ನಾಗಿ ಏಳುತ್ತದೆ ಎಂದು ಅವನು ಪ್ರಾಮಾಣಿಕವಾಗಿ ಹೇಳುತ್ತಿದ್ದ. ಅವರು ಬೀಜ ಕೊಳ್ಳದೆ ಕೈಮುಗಿದು ಹೋಗುತ್ತಿದ್ದರು.

ಒಂದು ಸಂಜೆ ಡಾಕಪ್ಪ ಬದನೆಕಾಯಿಯ ಬುಟ್ಟಿ ಹಿಡಿದು ಬಂದ. ನಿಮ್ಮ ಫೋನಿನ ಮಾತು ಕಿವಿಗೆ ಬಿತ್ತು, ತಪ್ಪು ತಿಳಿಯಬಾರದು ಎಂದ. ಫಕ್ಕೀರೇಶ ಒಳಬಾಗಿಲ ಕಡೆ ನೋಡಿದ. ಗುಟ್ಟು ಬಯಲಾಯಿತು, ತಾನು ಒಬ್ಬ ಉಸ್ತಾದನನ್ನು ಇಟ್ಟುಕೊಂಡು ಪೇಟಿ ಕಲಿಯುತ್ತಿರುವುದು ಓಣಿಗೆ ಗೊತ್ತಾಗಿದೆ ಎಂದುಕೊಂಡ. ಜನ ಎದ್ದು ನಿಲ್ಲುವುದು ವಿದ್ಯೆಗೆ ಕೊಡುವ ಗೌರವ ಎಂದೂ ಹೊಳೆಯಿತು.

"ಕೇಳಿದ್ದು ಕೇಳೀರಿ, ಮನ್ಯಾಗ ಮಾತ್ರ ಗೊತ್ತಾಗಬಾರ್ದು," ಎಂದ.

ಡಾಕಪ್ಪ ಎಮ್ಮೆಯ ಮೇಲೆ ಆಣೆ ಮಾಡಿದ. ಆಮೇಲೆ ಮೆಲ್ಲಗೆ, "ನೀವು ಇದನ್ನ ಲೆಕ್ಕಾ ಹಾಕಿ ಹೇಳ್ತೀರೋ, ಹೆಂಗ?" ಎಂದು ಕೇಳಿದ.

"ಲೆಕ್ಕಕ್ಕ ಸಿಗೂದಲ್ರಿ ಅದು. ಕಿವಿ ಬೇಕು. ನನಗ ಅದ ಕಡಿಮಿ. ಎಲ್ಲಾ ಸಾಹೇಬ್ರು ಹೇಳಿದಂಗ."

ಇಷ್ಟು ದೊಡ್ಡ ಮನುಷ್ಯ ಇಷ್ಟು ವಿನಯದಿಂದ ಮಾತಾಡಿದ್ದನ್ನು ಡಾಕಪ್ಪ ಓಣಿಯಲ್ಲೆಲ್ಲ ಹೇಳಿದ.

ಕಿವಿಯ ವಿಷಯ ಮಾತ್ರ ನಿಜವಾಗಿತ್ತು. ಫಕ್ಕೀರೇಶನ ಕೈ ಬಹಳ ಚೆನ್ನಾಗಿ ಪಳಗಿತ್ತು. ಸಿಕ್ಕಿಕೊಂಡ ನಾಲಿಗೆಗಳ ಸಂದಿಯಲ್ಲಿ ತೆಳುವಾದ ಕಾಗದ ಆಡಿಸಿ ಧೂಳು ತೆಗೆದು ಎಲ್ಲ ಮನೆಗಳನ್ನೂ ಬದುಕಿಸಿದ್ದ. ಎಣಿಕೆ ತಪ್ಪಬಾರದೆಂದು ಮನೆಗಳ ಮೇಲೆ ಸುಣ್ಣದಿಂದ ಅಂಕಿ ಬರೆದಿದ್ದ. ಆದರೆ ಬದುಕಿದ ಸ್ವರ ಏರಿದೆಯೋ ಇಳಿದಿದೆಯೋ ಅವನಿಗೆ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಏರಿದಂತೆ ಕೇಳಿದ್ದು ಚಹಾ ಕುಡಿದ ಮೇಲೆ ಇಳಿದಂತೆ ಕೇಳುತ್ತಿತ್ತು. ಒಂದು ದಿನ ತುದಿ ಕೆರೆಯುತ್ತಿದ್ದ, ಮರುದಿನ ಬುಡ ಕೆರೆಯುತ್ತಿದ್ದ. ಪುಷ್ಪಾವತಿ ಒಳಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಂದು ಕ್ಷಣ ಕೇಳಿ, ಏನೂ ಹೇಳದೆ ಮತ್ತೆ ಬಡಿಯುತ್ತಿದ್ದಳು.

ಅವಳು ಏನೂ ಹೇಳದಿರಲು ಆಮೇಲೆ ಇನ್ನೊಂದು ಕಾರಣ ಹುಟ್ಟಿತು. ಪ್ರೇಮವ್ವ ಅವಳಿಗೆ ಸಕ್ಕರೆ ಕಟ್ಟಿಕೊಡುತ್ತ, ನಿನ್ನ ಗಂಡ ಇಡೀ ತಾಲೂಕಿಗೆ ಮಟಕಾ ನಂಬರು ಹೇಳುವವನಾಗಿ ನೀನು ಇನ್ನೂ ಹರಿದ ಚೀಲ ತರುತ್ತೀಯಲ್ಲ ಎಂದಿದ್ದಳು. ಪುಷ್ಪಾವತಿ ಬೀಜದ ಅಂಗಡಿಗೆ ಹೋಗಿ ವಿಚಾರಿಸಿದಳು. ಭಾನುವಾರ ಹಾವೇರಿಯಲ್ಲಿ ಅವರಿಗೆ ಯಾವ ಕೆಲಸವೂ ಇರಲಿಲ್ಲ. ಅಂದಿನಿಂದ ಅವಳು ಗಂಡನೊಡನೆ ಮಾತು ಬಿಟ್ಟಳು. ಸ್ವರ ಸರಿಯಾಗದ ಚಿಂತೆಯಲ್ಲಿದ್ದ ಫಕ್ಕೀರೇಶ ಅದನ್ನು ಗಮನಿಸಲಿಲ್ಲ.

ಮೆರವಣಿಗೆಗೆ ಮೂರು ನಾಲ್ಕು ದಿನ ಇರುವಾಗ, ಒಂದು ಭಾನುವಾರ, ಕಾನ್‌ಸ್ಟೇಬಲ್ ಸುನೀಲಕುಮಾರ ಮಟಕಾದ ಸುದ್ದಿ ಕೇಳಿ ಓಣಿಗೆ ಬಂದ. ಕಟ್ಟೆಯ ಮೇಲೆ ಒಬ್ಬ ಮನುಷ್ಯ ಅಂಕಿ ಬರೆದ ಪೆಟ್ಟಿಗೆಯ ಮುಂದೆ ಬಗ್ಗಿ, ಕಣ್ಣು ಮುಚ್ಚಿ, ಬಿಳಿ ಆರು, ಬಿಳಿ ಆರು ಎಂದು ಜಪಿಸುತ್ತಿರುವುದನ್ನು ನೋಡಿದ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಇಲಾಖೆಗೆ ಅಪರೂಪಕ್ಕೆ ಸಿಗುತ್ತದೆ. ಫಕ್ಕೀರೇಶನನ್ನು ಮುಂದೆ ಮಾಡಿ, ಪೇಟಿಯನ್ನು ತಾನೇ ಹೆಗಲ ಮೇಲೆ ಹೊತ್ತು ಠಾಣೆಗೆ ಹೊರಟ. ಅವನು ಹೆಜ್ಜೆ ಹಾಕಿದಾಗಲೆಲ್ಲ ಪೇಟಿ ಅಂಯ್ ಎನ್ನುತ್ತಿತ್ತು. ದಾರಿಯ ಜನ ಯಾವ ಉತ್ಸವವೆಂದು ತಿಳಿಯದೆ ಹಿಂದೆ ಬಿದ್ದರು. ಎಲ್ಲರ ಹಿಂದೆ, ತಲೆಯ ಮೇಲೆ ಸೆರಗು ಎಳೆದುಕೊಂಡು, ಪುಷ್ಪಾವತಿ ಬಂದಳು.

ಠಾಣೆಯಲ್ಲಿ ಇನ್‌ಸ್ಪೆಕ್ಟರರು ಪೇಟಿಯನ್ನು ನೋಡಿ, ಅಂಕಿಗಳನ್ನು ನೋಡಿ, ಇದು ಏನೆಂದು ಕೇಳಿದರು. ಇದು ಹಾರ್ಮೋನಿಯಂ ಎಂದು ಫಕ್ಕೀರೇಶ ಹೇಳಿದ. ಅದು ತಮಗೂ ಕಾಣುತ್ತದೆ, ಫೋನಿನ ಕಪ್ಪು ಬಿಳಿ ಏನು, ಹಾವೇರಿಯ ಸಾಹೇಬ ಯಾರು ಎಂದರು. ಬೆಂಚಿನ ಮೇಲೆ ಹೆಂಡತಿ ಕೂತಿರುವುದು ಫಕ್ಕೀರೇಶನಿಗೆ ಕಂಡಿತು. ಜೈಲಿಗೆ ಹೋಗುವುದು ಮೇಲೋ, ತನಗೆ ಕೆಲಸ ಬರುವುದಿಲ್ಲ ಎಂದು ಅವಳ ಎದುರು ಒಪ್ಪುವುದು ಮೇಲೋ ಎಂದು ಅವನು ನಿಜವಾಗಿಯೂ ತೂಗಿ ನೋಡಿದ. ಅವನು ತೂಗುತ್ತಿರುವಾಗಲೇ ಇನ್‌ಸ್ಪೆಕ್ಟರರು, ಅವನ ಕಿಸೆಯಲ್ಲಿದ್ದ ನಂಬರಿಗೆ ತಾವೇ ಫೋನು ಹಚ್ಚಿ, ದನಿ ತಗ್ಗಿಸಿ, ತಾನು ಫಕ್ಕೀರೇಶನ ಕಡೆಯವನೆಂದೂ ಇವತ್ತು ಯಾವುದಕ್ಕೆ ಹಚ್ಚಬೇಕೆಂದೂ ಕೇಳಿದರು.

ಬುಡನಸಾಬರ ದೊಡ್ಡ ದನಿ ಬೆಂಚಿನವರೆಗೂ ಕೇಳಿತು. "ಇವತ್ತು ಯಾವುದಕ್ಕೂ ಕೈ ಹಚ್ಚಬ್ಯಾಡ ಅಂತ ಹೇಳ್ರಿ ಅವಗ. ಬಿಳಿ ಆರು ಒಂದ ಬಾಕಿ ಅದ. ಗುತ್ತಲದವರಿಗೆ, ಹೊಸರಿತ್ತಿಯವರಿಗೆ ಎಲ್ಲಾ ಕೊಟ್ಟು ಕಳಿಸೇನಿ. ಇವಂದ ಒಂದು ಆತಂದ್ರ ನಾ ಆರಾಮ."

ಇನ್‌ಸ್ಪೆಕ್ಟರರು ಫೋನು ಇಟ್ಟು ಬೆವರು ಒರೆಸಿಕೊಂಡರು. ಜಾಲ ಇಷ್ಟು ದೂರ ಹಬ್ಬಿದೆ ಎಂದು ಅವರಿಗೆ ತಿಳಿದಿರಲಿಲ್ಲ. ಗುತ್ತಲ ಹೋಗಲಿ, ಗಾಂಧಿ ಗುರುಕುಲದ ಹೊಸರಿತ್ತಿಯೂ ಕೆಟ್ಟಿತಲ್ಲ ಎಂದು ಸುನೀಲಕುಮಾರ ನೊಂದುಕೊಂಡ. ಸಾಹೇಬನನ್ನು ಕೂಡಲೇ ಕರೆತರಬೇಕೆಂದು ಹಾವೇರಿಗೆ ಹೇಳಿಕಳಿಸಿದರು.

ಮಧ್ಯಾಹ್ನ ಬುಡನಸಾಬರು ಒಂದು ಕೈಚೀಲ ಹಿಡಿದು ಬಂದರು. ಮೇಜಿನ ಮೇಲಿದ್ದ ಪೇಟಿ ಕಂಡದ್ದೇ ಅವರಿಗೆ ಠಾಣೆ ಮರೆತೇಹೋಯಿತು. ಮುಚ್ಚಳ ಎತ್ತಿ, ಕನ್ನಡಕ ಏರಿಸಿ, ತಗಡುಗಳನ್ನು ಒಂದೊಂದಾಗಿ ನೋಡುತ್ತ, ಇಷ್ಟೆಲ್ಲ ಯಾಕೆ ಕೆರೆದೆ, ಇದೇನು ಕೊಬ್ಬರಿಯೇ ಎಂದು ಫಕ್ಕೀರೇಶನನ್ನು ಬೈಯತೊಡಗಿದರು. ಫೋನಿನಲ್ಲಿ ಒಂದು ಹೇಳಿದರೆ ಇವನು ಇಲ್ಲಿ ಇನ್ನೊಂದು ಮಾಡುತ್ತಾನೆ ಎಂದು ಇನ್‌ಸ್ಪೆಕ್ಟರರಿಗೇ ದೂರು ಕೊಟ್ಟರು. ಇಂಥ ಕೈಗೆ ವಿದ್ಯೆ ಹೇಳಿಕೊಟ್ಟದ್ದು ತಮ್ಮ ತಪ್ಪು ಎಂದರು. ಇನ್‌ಸ್ಪೆಕ್ಟರರಿಗೆ ಸಂಶಯ ಬಂತು. ಆದರೆ ಈ ಸಲ ಅದು ತಮ್ಮ ಮೇಲೆಯೇ ಬಂತು. ಹಾಗಿದ್ದರೆ ಇವನು ಈಗ ಇಲ್ಲಿಯೇ ಒಂದು ಸ್ವರ ಸರಿ ಮಾಡಿ ತೋರಿಸಲಿ ಎಂದರು. ಮಾಡಿದರೆ ಮನೆಗೆ, ಇಲ್ಲದಿದ್ದರೆ ಒಳಗೆ.

ಫಕ್ಕೀರೇಶ ಬಿಳಿ ಆರರ ತಗಡನ್ನು ಬಿಚ್ಚಿ, ನಾಲಿಗೆಯ ಕೆಳಗೆ ಬ್ಲೇಡು ಕೊಟ್ಟು, ಅರ ಆಡಿಸಿದ. ತಗಡನ್ನು ಕೂಡಿಸಿ, ಗಾಳಿ ಹಾಕಿ, ಮನೆ ಒತ್ತಿದ. ಏರಿದೆಯೋ ಇಳಿದಿದೆಯೋ ಎಂದು ಬುಡನಸಾಬರು ಕೇಳಿದರು. ಅವನು ಅವರ ಮುಖ ನೋಡಿದ, ಇನ್‌ಸ್ಪೆಕ್ಟರರ ಮುಖ ನೋಡಿದ, ಗೋಡೆಯ ಮೇಲಿನ ಗಡಿಯಾರ ನೋಡಿದ.

"ಇಳದೈತಿ," ಎಂಬ ದನಿ ಬೆಂಚಿನಿಂದ ಬಂತು. "ಇನ್ನೊಂದು ಎಳಿ ಏರಬೇಕು."

ಪುಷ್ಪಾವತಿ ಸೆರಗು ಸರಿಸಿದ್ದಳು. ಬುಡನಸಾಬರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, ಫಕ್ಕೀರೇಶನಿಗೆ ಕೆರೆ ಎಂದು ಸನ್ನೆ ಮಾಡಿದರು. ಅವನು ತುದಿಗೆ ಅರ ಮುಟ್ಟಿಸಿದ. ಇನ್ನೂ, ಎಂದಳು. ಮತ್ತೆ ಮುಟ್ಟಿಸಿದ. ಕೂಸಿನ ಕಣ್ಣಿಗೆ ಕಾಡಿಗೆ ಹಚ್ಚುವಷ್ಟು, ಎಂದಳು. ಅವನು ಉಸಿರು ಬಿಗಿಹಿಡಿದು ಅಷ್ಟೇ ಮಾಡಿದ.

"ಸಾಕು," ಎಂದಳು.

ಬುಡನಸಾಬರು ಚೀಲದಿಂದ ಸ್ವರ ಅಳೆಯುವ ತಮ್ಮ ಪುಟ್ಟ ಪೀಪಿಯನ್ನು ತೆಗೆದು ಬಾಯಿಂದ ಊದಿದರು. ಇನ್ನೊಂದು ಕೈಯಿಂದ ಬಿಳಿ ಆರನ್ನು ಒತ್ತಿದರು. ಎರಡು ದನಿ ಹೊರಟು ಒಂದೇ ಕೇಳಿಸಿತು.

ದಿನವೂ ಕೇಳುತ್ತಿದ್ದೆಯಲ್ಲ, ಮನೆಯಲ್ಲಿಯೇ ಯಾಕೆ ಹೇಳಲಿಲ್ಲ ಎಂದು ಫಕ್ಕೀರೇಶ ಹೆಂಡತಿಯನ್ನು ಕೊನೆಗೂ ಕೇಳಿದ.

"ನಿಮಗ ಗೊತ್ತೈತಿ ಅಂದಿದ್ರಿ. ರಿಪೇರಿಯವರು ಮೊದಲ ಕೆಡಿಸಿ ಆಮ್ಯಾಲೆ ಸುದ್ದ ಮಾಡ್ತಾರೇನೋ ಅನ್ಕೊಂಡೆ," ಎಂದಳು. ಆಮೇಲೆ ಮೆಲ್ಲಗೆ, ಮಟಕಾ ಅಲ್ಲವಲ್ಲ, ಅಷ್ಟು ಸಾಕು ಎಂದಳು.

ಇನ್‌ಸ್ಪೆಕ್ಟರರು ಎಲ್ಲರಿಗೂ ಚಹಾ ತರಿಸಿದರು. ಬಿಡುಗಡೆಯಾದವರನ್ನು ಅವರು ಬಿಡಲಿಲ್ಲ. ಒಳಗೆ ಹೇಗಿರುತ್ತದೆ ತೋರಿಸಿ ಎಂದು ಕುರ್ಚಿ ಎಳೆದುಕೊಂಡು ಕೂತರು. ಗಾಳಿ ಎಲ್ಲಿಂದ ಹೋಗುತ್ತದೆ, ಎಲ್ಲಿಂದ ಬರುತ್ತದೆ ಎಂದು ಬೆರಳಿಟ್ಟು ನೋಡಿದರು. ಒಂದೊಂದೇ ಮನೆಯನ್ನು ತಾವೇ ಒತ್ತಿ ಹುಡುಗರ ಹಾಗೆ ನಕ್ಕರು. ಕಿಟಕಿಯ ಹೊರಗೆ ನಿಂತಿದ್ದ ಓಣಿಯ ಜನಕ್ಕೆ ಕಂಡದ್ದು ಫಕ್ಕೀರೇಶ ಅಂಕಿ ತೋರಿಸುತ್ತಿರುವುದು, ಇನ್‌ಸ್ಪೆಕ್ಟರರು ಚಹಾ ಕೊಟ್ಟು ಕೇಳುತ್ತಿರುವುದು. ಅವರು ಪರಸ್ಪರ ಮುಖ ನೋಡಿಕೊಂಡರು. ಅಂದು ಡಾಕಪ್ಪ ಇದ್ದಬದ್ದದ್ದನ್ನೆಲ್ಲ ಆರಕ್ಕೆ ಹಚ್ಚಿದ. ಬಂದದ್ದು ಒಂಬತ್ತು. ಪೊಲೀಸರ ಸಂಗ ಸೇರಿ ಮನುಷ್ಯ ಕೆಟ್ಟ ಎಂದು ಓಣಿ ಫಕ್ಕೀರೇಶನನ್ನು ಕೈಬಿಟ್ಟಿತು. ಯಾರೂ ಕಟ್ಟೆಯಿಂದ ಏಳಲಿಲ್ಲ. ಬದನೆಕಾಯಿಯೂ ನಿಂತಿತು.

ಅವನು ಕೆರೆದು ಕೆಡಿಸಿದ್ದ ಉಳಿದ ಸ್ವರಗಳನ್ನು ಗಂಡ ಹೆಂಡತಿ ಸೇರಿ ಕಟ್ಟೆಯ ಮೇಲೆಯೇ ಸರಿ ಮಾಡಿದರು. ಅವಳು ರೊಟ್ಟಿ ಬಡಿಯುತ್ತಲೇ ಒಳಗಿನಿಂದ ಏರಿಸಿರಿ, ಇಳಿಸಿರಿ ಎನ್ನುತ್ತಿದ್ದಳು, ಅವನು ಕೆರೆಯುತ್ತಿದ್ದ.

ಬಸವ ಜಯಂತಿಯ ಬೆಳಿಗ್ಗೆ ಬ್ಯಾಡಗಿಯಲ್ಲಿ ಮೆರವಣಿಗೆ ಹೊರಡುವ ಮುನ್ನ ಕರಬಸಪ್ಪನವರು ಪೇಟಿ ಬಾರಿಸಿ ನೋಡಿದರು. ಮುಖ ಅರಳಿತು. ಮಂಡಳಿಯವರೆಲ್ಲ ಅಳಿಯನನ್ನು ಹೊಗಳತೊಡಗಿದರು. ಫಕ್ಕೀರೇಶ ಅವರನ್ನು ತಡೆದು, ತನಗೆ ಈ ಕೆಲಸ ಬರುತ್ತಿರಲಿಲ್ಲವೆಂದೂ, ಹಾವೇರಿಯ ಉಸ್ತಾದರು ಬೈದು ಕಲಿಸಿದರೆಂದೂ, ಪೊಲೀಸರು ಹಿಡಿದೊಯ್ದದ್ದನ್ನೂ, ಪ್ರತಿಯೊಂದು ಸ್ವರವನ್ನೂ ಕೂಡಿಸಿದ್ದು ಪುಷ್ಪಾವತಿಯ ಕಿವಿಯೇ ಎಂಬುದನ್ನೂ ಬಿಡದೆ ಹೇಳಿದ. ಅವರು ಕೊನೆಯವರೆಗೆ ಕೇಳಿ, ಎಷ್ಟು ವಿನಯದ ಅಳಿಯ ಎಂದು ಕರಬಸಪ್ಪನವರ ಬೆನ್ನು ತಟ್ಟಿದರು. ಪುಷ್ಪಾವತಿ ತಾಳವನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಆಗ ಮಂಡಳಿಯ ತಬಲಾದವನು ಎಡಗೈಯಿಂದ ಬಾರಿಸುವ ತನ್ನ ಡಗ್ಗಾವನ್ನು ಮುಂದೆ ತಂದಿಟ್ಟು, ಇದೂ ಸ್ವಲ್ಪ ಬಿದ್ದ ಹಾಗೆ ಮಾತಾಡುತ್ತಿದೆ, ಒಮ್ಮೆ ನೋಡಬೇಕು ಎಂದ. ಪುಷ್ಪಾವತಿ ಗಂಡನ ತೋಳು ಹಿಡಿದು, ಇದು ಚರ್ಮದ ಕೆಲಸ, ಇದಕ್ಕೆ ಬೇರೆ ಉಸ್ತಾದರು ಇರುತ್ತಾರೆ ಎಂದು ಎಚ್ಚರಿಸಿದಳು. ಅವನು ಹೌದು ಹೌದು ಎಂದು ತಲೆ ಆಡಿಸುತ್ತ ಕುಕ್ಕರುಗಾಲಿನಲ್ಲಿ ಕೂತಿದ್ದ. ಡಗ್ಗಾದ ಮೇಲಿನ ಕಪ್ಪು ವೃತ್ತವನ್ನು ಉಗುರಿನಿಂದ ತಟ್ಟಿ, ಕಿವಿ ಹತ್ತಿರ ಒಯ್ದು, ಮತ್ತೆ ತಟ್ಟಿದ.

"ಈ ಕರಿದು ಯಾತರದ್ರಿ?" ಎಂದು ಕೇಳಿದ.

ತಬಲಾದವನು ಬಾಯಿ ತೆರೆದ. ತಲೆ ನೆರೆಯುವವರೆಗೆ ಅದನ್ನು ಬಾರಿಸಿದವನಿಗೆ ಅದು ಯಾವುದರದ್ದೆಂದು ಗೊತ್ತಿರಲಿಲ್ಲ. ಅವನೂ ಬಗ್ಗಿದ. ಇದ್ದಿಲು ಇರಬೇಕೆಂದು ಒಬ್ಬ, ಕಬ್ಬಿಣದ ಪುಡಿ ಎಂದು ಇನ್ನೊಬ್ಬ, ಅನ್ನ ಅರೆದು ಹಚ್ಚುತ್ತಾರಂತೆ ಎಂದು ಮತ್ತೊಬ್ಬ. ಮಂಡಳಿಯೆಲ್ಲ ಸುತ್ತ ಕುಕ್ಕರಿಸಿತು. ಹೊರಗೆ ಮೆರವಣಿಗೆಯ ಎತ್ತಿನ ಗಂಟೆ ಕೇಳಿ, ಪೇಟಿಗೆ ಗಾಳಿ ಹಾಕಿ ಹಿಡಿದಿದ್ದ ಕರಬಸಪ್ಪನವರು ಹೊರಡೋಣವೇ ಎಂದು ಕೂಗಿ ಕೇಳಿದರು. ಒಂದು ತಲೆಯೂ ಮೇಲೆ ಏಳಲಿಲ್ಲ.